ಓಟಕ್ಕೆ ಪರೀಕ್ಷೆಯಿದೆ, ನಿಧಿಗೆ ಪ್ರಶ್ನೆಯಿಲ್ಲ

ಮಾನ್ಯರೇ,

ದೈಹಿಕ ಶಿಕ್ಷಣ ನಿರ್ದೇಶಕರ ನೇಮಕಾತಿಗೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮಾವಳಿಯು ದೈಹಿಕ ಕ್ಷಮತೆಯ ಪರೀಕ್ಷೆಯನ್ನು ಕಡ್ಡಾಯಗೊಳಿಸಿದ್ದು, 30 ವರ್ಷದವರೆಗಿನ ಪುರುಷ ಅಭ್ಯರ್ಥಿ 12 ನಿಮಿಷಗಳಲ್ಲಿ 1,800 ಮೀಟರ್ ಕ್ರಮಿಸಬೇಕು. ಅದು ಸರಿಯೇ. ಆದರೆ ಹುದ್ದೆಗೆ ಬಂದ ಮೇಲೆ ಅವರ ಓಟವೆಲ್ಲ ಹಣಕಾಸು ವಿಭಾಗದ ಕಡೆಗೇ: ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಹೊರಟ ತಂಡದ ರೈಲು ಟಿಕೆಟ್, ದಿನಭತ್ಯೆ, ಟ್ರ್ಯಾಕ್‌ಸೂಟ್‌ಗಳ ಬಿಲ್ಲು. ನಾನು ಕೊಕ್ಕೊ ತಂಡದಲ್ಲಿದ್ದಾಗ ದಿನಭತ್ಯೆ ಕೈಸೇರಿದ್ದು ಸೆಮಿಸ್ಟರ್ ಪರೀಕ್ಷೆಯ ಹೊತ್ತಿಗೆ. ಅಷ್ಟರಲ್ಲಿ ಶೂಗಳ ಅಟ್ಟೆ ಕಿತ್ತುಹೋಗಿತ್ತು.

ಗ್ರಾಮೀಣ ಮತ್ತು ಒಲಿಂಪಿಕ್ ಕ್ರೀಡೆಗಳ ತರಬೇತಿಗೆ ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಬಳಸಲು 2013ರ ಕಂಪನಿ ಕಾಯ್ದೆಯ 7ನೇ ಅನುಸೂಚಿಯಲ್ಲಿ ಅವಕಾಶವಿರುವುದರಿಂದ, ಆ ನೆರವನ್ನೂ ಹಳೆಯ ಕ್ರೀಡಾಪಟುಗಳ ದೇಣಿಗೆಯನ್ನೂ ಹೇಗೆ ತರುವಿರಿ, ಲೆಕ್ಕವನ್ನು ಹೇಗೆ ಬಹಿರಂಗಪಡಿಸುವಿರಿ ಎಂದು ಆಯ್ಕೆ ಸಮಿತಿಗಳು ಸಂದರ್ಶನದಲ್ಲೇ ಅಭ್ಯರ್ಥಿಗಳನ್ನು ಕೇಳಬೇಕು.

– ಮಾಜಿ ಕೊಕ್ಕೊ ಆಟಗಾರ, ಧಾರವಾಡ