ಆ ಉತ್ತರ ಕಳಿಸಬೇಡ, ಸದಾನಂದ

ಪ್ರೀತಿಯ ಸದಾನಂದ,

ಗುಂಪಿಗೆ ಹಾಕಲೆಂದು ನೀನು ಬರೆದಿಟ್ಟ ಉತ್ತರ ಓದಿದೆ. ಹಾಕಬೇಡ ಮಾರಾಯ. ಸಿಟ್ಟಾಗುವ ಮೊದಲು ಇದನ್ನು ಪೂರ್ತಿ ಓದು. ನಿನಗೊಬ್ಬನಿಗೇ ಬರೆಯಬಹುದಿತ್ತು, ಆದರೆ ಮುಂಬಯಿ ಕನ್ನಡಿಗರ ಗುಂಪುಗಳಲ್ಲಿ ಹೀಗೆ ಪೆಟ್ಟು ತಿಂದವರು ನೀನೊಬ್ಬನೇ ಅಲ್ಲ. ಅದಕ್ಕೇ ನಿನ್ನನ್ನು ಕೇಳಿಕೊಂಡು, ಹೆಸರು ಬದಲಿಸಿ, ನಾಲ್ಕು ಜನ ಓದುವಂತೆ ಹಾಕುತ್ತಿದ್ದೇನೆ.

ನೀನು ಗುಂಪಿನಲ್ಲಿ ಮೊದಲು ಬರೆದದ್ದಾದರೂ ಏನು? ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅದರಲ್ಲಿದೆ. ತರಗತಿಗಳು ಖಾಲಿಯಾದರೆ ಪಾಲಿಕೆಯನ್ನು ಮಾತ್ರ ಬೈದು ಪ್ರಯೋಜನವಿಲ್ಲ, ಮಕ್ಕಳನ್ನು ಕಳಿಸದ ನಾವೂ ಹೊಣೆ ಅಂತ. ಒಪ್ಪುವವರು ಒಪ್ಪಲಿ, ಬಿಡುವವರು ಬಿಡಲಿ. ಆದರೆ ಬಂದದ್ದು ಇದು. ಮೊದಲಿನವರು, "ನಿಮ್ಮ ಮಗಳು ಓದಿದ್ದು ಯಾವ ಶಾಲೆಯಲ್ಲಿ?" ಎಂದರು. ಎರಡನೆಯವರು, "ಇವರಿಗೆ ಮುಂದಿನ ಸಲ ಸಂಘದ ಅಧ್ಯಕ್ಷರಾಗಬೇಕು, ಅದಕ್ಕೇ ಈ ನಾಟಕ" ಎಂದರು. ಮೂರನೆಯ ಮಹಾಶಯ, "ಅಪ್ಪ ಫೋರ್ಟಿನ ಹೋಟೆಲಲ್ಲಿ ಗ್ಲಾಸು ತೊಳೆದವ, ಮಗನಿಗೆ ಭಾಷಣದ ತೆವಲು" ಎಂದು ಬರೆದ. ಅದರ ಕೆಳಗೆ ನಗುವ ಮುಖಗಳು. ಅದರಲ್ಲೊಂದು ರಾತ್ರಿಶಾಲೆಯಲ್ಲಿ ನಮ್ಮ ಬೆಂಚಿನಲ್ಲೇ ಕೂತವನದ್ದು. ನಿನ್ನ ನಿದ್ದೆ ಕೆಡಿಸಿದ್ದು ಆ ಮುಖವೇ ಇರಬೇಕೆಂದು ನನ್ನ ಅನುಮಾನ.

ಈ ಮೂರನ್ನೂ ಒಂದೇ ಕಂತೆ ಕಟ್ಟಬೇಡ. ಮೊದಲನೆಯದು ಚುಚ್ಚುತ್ತದೆ ನಿಜ, ಆದರೆ ವಿಷಯಕ್ಕೆ ಸಂಬಂಧವಿದೆ. ಕನ್ನಡ ಶಾಲೆಗೆ ಕಳಿಸಿ ಎನ್ನುವವನನ್ನು ನಿನ್ನ ಮನೆಯಲ್ಲೇನು ಮಾಡಿದೆ ಎಂದು ಕೇಳುವ ಹಕ್ಕು ಕೇಳುವವನಿಗಿದೆ. ಎರಡನೆಯದಕ್ಕೆ ಉತ್ತರವೇ ಇಲ್ಲ. ಕುರ್ಚಿಯ ಆಸೆಯಿಲ್ಲ ಎಂದು ಯಾರಿಗೆ, ಹೇಗೆ ಸಾಬೀತು ಮಾಡುತ್ತೀ? ಎಷ್ಟು ಆಣೆ ಹಾಕಿದರೂ "ನೋಡಿ, ನೋಡಿ" ಎನ್ನುತ್ತಾರೆ. ಮೂರನೆಯದು ಶುದ್ಧ ಬೈಗುಳ. ಅದೂ ಎಂಥ ದಡ್ಡ ಬೈಗುಳ! ಊರಿನಿಂದ ಬಂದು, ಹಗಲು ಗ್ಲಾಸು ತೊಳೆದು, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರು ಈ ಊರಿನ ನಮ್ಮವರಲ್ಲಿ ಎಷ್ಟಿಲ್ಲ? ಬರೆದವನ ಅಜ್ಜನನ್ನು ವಿಚಾರಿಸಿದರೆ ಅಲ್ಲೂ ಒಂದು ಹೋಟೆಲು ಸಿಕ್ಕೀತು. ಹಾಗಂತ ವಿಚಾರಿಸಲು ಹೋಗಬೇಡ.

ಮಾಟುಂಗದಲ್ಲಿ ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳಿ ಬೆಳೆದವರು ನಾವು. ಕರ್ಣನನ್ನು ಶಲ್ಯ ಸೂತಪುತ್ರನೆಂದು ಹಂಗಿಸುವಾಗ ಮಾತು ಎಷ್ಟು ಹರಿತವಿರುತ್ತದೆ! ಆದರೆ ಅದು ಬೀಳುವುದು ಕರ್ಣನ ಮೇಲೆ, ಎದುರು ಕೂತು ಆ ಪಾತ್ರದ ಮಾತಾಡುವ ಅರ್ಥಧಾರಿಯ ಮೇಲಲ್ಲ. ಅರ್ಥಧಾರಿಗಳಾದ ಶೇಣಿ ಗೋಪಾಲಕೃಷ್ಣ ಭಟ್ಟರೂ ಮಲ್ಪೆ ರಾಮದಾಸ ಸಾಮಗರೂ ಎದುರುಬದುರಾದರೆ ಜನ ಬರುತ್ತಿದ್ದದ್ದು ಆ ಜಟಾಪಟಿ ಕೇಳುವುದಕ್ಕೇ. ಮಾತು ಹಳಿ ತಪ್ಪಿತು ಅನ್ನಿಸಿದರೆ, ಹಾಡಿ ಪ್ರಸಂಗ ನಡೆಸುವ ಭಾಗವತರು ಮುಂದಿನ ಪದ್ಯ ಎತ್ತಿಬಿಡುತ್ತಾರೆ. ಎಂಥ ಘಟಾನುಘಟಿಯಾದರೂ ಬಾಯಿ ಮುಚ್ಚಲೇಬೇಕು. ನಿಮ್ಮ ವಾಟ್ಸಾಪ್ ಗುಂಪಿನ ಭಾಗವತರು, ಅಂದರೆ ಅಡ್ಮಿನ್, ಬೆಳಿಗ್ಗೆ ಗುಡ್ ಮಾರ್ನಿಂಗ್ ಹೂವು ಹಾಕಿ ಕಾಣೆಯಾಗುತ್ತಾರೆ.

ಅವರಿಗೆ ಕೈಯಲ್ಲಿ ಏನೂ ಇಲ್ಲವೆಂದಲ್ಲ. ಅಡ್ಮಿನ್ ಮಾತ್ರ ಬರೆಯುವಂತೆ ಗುಂಪನ್ನು ಬಿಗಿ ಮಾಡುವ ಸೌಲಭ್ಯ 2018ರಲ್ಲೇ ಬಂತು. ಬೇರೆಯವರ ಸಂದೇಶವನ್ನು ಎಲ್ಲರ ಫೋನಿನಿಂದ ಅಳಿಸುವ ಅಧಿಕಾರ 2022ರಲ್ಲಿ. "ಕೇಸು ಬಿದ್ದರೆ ನನ್ನ ತಲೆಗೆ ಬರುತ್ತದೆ" ಎಂದು ಅವರು ಹೆದರುತ್ತಾರಂತೆ. ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲೇ ಹೇಳಿದೆ: ಸದಸ್ಯನೊಬ್ಬ ಹಾಕಿದ ಕೆಟ್ಟ ಮಾತಿಗೆ, ಅವನ ಜೊತೆ ಸೇರಿ ಸಂಚು ಮಾಡಿದ್ದರ ಹೊರತು, ಅಡ್ಮಿನ್ ಅನ್ನುವ ಒಂದೇ ಕಾರಣಕ್ಕೆ ಯಾರೂ ಅಪರಾಧಿಯಾಗುವುದಿಲ್ಲ. "ಆ ಹೆದರಿಕೆ ಬೇಡ, ಆದರೆ ಆ ಸಂದೇಶ ಅಳಿಸಿ" ಎಂದು ಅವರಿಗೆ ಖಾಸಗಿಯಾಗಿ ಬರೆ.

ಹೆಸರು ಮುಚ್ಚಿಕೊಂಡವರೇ ಹೀಗೆ ಬೈಯುವುದು ಎಂಬ ಮಾತಿದೆ. ಇಲ್ಲಿ ಅದು ನಡೆಯುವುದಿಲ್ಲ. ಬೈದವನ ಹೆಸರು, ನಂಬರು, ಅವನ ಮಗನ ಮದುವೆಯಲ್ಲಿ ಉಂಡ ಊಟ ಎಲ್ಲ ನಮಗೆ ಗೊತ್ತು. ಜಾನ್ ಸುಲರ್ ಎಂಬ ಮನಶ್ಶಾಸ್ತ್ರಜ್ಞರು 2004ರಲ್ಲಿ, ತೆರೆಯ ಮುಂದೆ ಮನುಷ್ಯನ ಲಗಾಮು ಯಾಕೆ ಸಡಿಲವಾಗುತ್ತದೆ ಎಂದು ಬರೆದಾಗ ಅನಾಮಿಕತೆಯ ಜೊತೆಗೆ ಇನ್ನೂ ಕೆಲವು ಕಾರಣ ಕೊಟ್ಟರು: ಎದುರಿನವನ ಮುಖ ಕಾಣುವುದಿಲ್ಲ, ಅವನ ಉತ್ತರ ಆ ಕ್ಷಣಕ್ಕೇ ಬರುವುದಿಲ್ಲ. ನಿನ್ನ ಅಪ್ಪನ ಮಾತೆತ್ತಿದವನು ಕುರ್ಲಾದ ಬಂಟರ ಭವನದ ಊಟದ ಪಂಕ್ತಿಯಲ್ಲಿ ನಿನ್ನ ಪಕ್ಕ ಕೂತಿದ್ದರೆ ಪಾಯಸ ಬಡಿಸಲು ಹೇಳುತ್ತಿದ್ದ, ಅಷ್ಟೇ.

ಪೊಲೀಸು ಎಂದೆಯಲ್ಲ. ಯಾರೋ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ, ಆನ್‌ಲೈನಿನಲ್ಲಿ ಕೆಟ್ಟದಾಗಿ ಬರೆದರೆ ಶಿಕ್ಷೆ ಕೊಡುವ ಕಲಂ, ಹಾಕು ಎಂದರಂತೆ. ಆ ಕಲಂ ಸತ್ತು ವರ್ಷಗಳಾದವು. 2012ರ ನವೆಂಬರ್ ನೆನಪಿದೆಯಾ? ಬಾಳ ಠಾಕ್ರೆಯವರು ತೀರಿಕೊಂಡಾಗ ನಗರ ಬಂದ್ ಆದದ್ದನ್ನು ಪ್ರಶ್ನಿಸಿ ಪಾಲ್ಘರ್‌ನ ಹುಡುಗಿಯೊಬ್ಬಳು ಫೇಸ್‌ಬುಕ್ಕಿನಲ್ಲಿ ಬರೆದಳು, ಗೆಳತಿ ಲೈಕ್ ಒತ್ತಿದಳು, ಇಬ್ಬರನ್ನೂ ಬಂಧಿಸಿದರು. ಆ ಗದ್ದಲದಿಂದ ಹುಟ್ಟಿದ ಶ್ರೇಯಾ ಸಿಂಘಾಲ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು 66ಎಯನ್ನು ರದ್ದು ಮಾಡಿತು. ಒಳ್ಳೆಯದೇ ಆಯಿತು, ಅದು ಇದ್ದಿದ್ದರೆ ನಾಳೆ ನಿನ್ನ ಮೇಲೂ ಹಾಕುತ್ತಿದ್ದರು. ಮಾನಹಾನಿಗೆ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಇದೆ, ಆದರೆ ಅದಕ್ಕೆ ಪೊಲೀಸರು ತಾವಾಗಿ ತನಿಖೆಗೆ ಇಳಿಯುವುದಿಲ್ಲ, ನೀನೇ ಮ್ಯಾಜಿಸ್ಟ್ರೇಟರ ಕೋರ್ಟು ಹತ್ತಬೇಕು. ಗ್ಲಾಸು ತೊಳೆದ ಮಾತಿಗೆ ವಕೀಲರ ಫೀಸು ಸುರಿಯುತ್ತೀಯಾ? ಕೈಕಾಲು ಮುರಿಯುತ್ತೇನೆ ಎಂದರೆ, ಮಗಳ ಫೋಟೋ ಎಲ್ಲಾದರೂ ಹರಿಬಿಟ್ಟರೆ, ಆಗ ಒಂದು ಗಳಿಗೆಯೂ ತಡಮಾಡಬೇಡ. ನಂಬರು, ತಾರೀಕು ಕಾಣುವಂತೆ ಸ್ಕ್ರೀನ್‌ಶಾಟ್ ಈಗಲೇ ತೆಗೆದಿಟ್ಟುಕೋ, ಚಾಟ್ ಎಕ್ಸ್‌ಪೋರ್ಟ್ ಮಾಡಿ ಇಡು.

ಇನ್ನು ನಿನ್ನ ಉತ್ತರ. "ನಿಮ್ಮ ಯೋಗ್ಯತೆ ನನಗೆ ಗೊತ್ತಿಲ್ಲವೇ" ಎಂದು ಶುರುವಾಗುವ ಇಡೀ ಮೊದಲ ಪ್ಯಾರಾ ತೆಗೆ. ಅವನ ಚಿಟ್‌ಫಂಡಿನ ವಿಷಯ ತೆಗೆ. ಅದು ನಿಜವಿದ್ದರೂ ಶಾಲೆಗೂ ಅದಕ್ಕೂ ಏನು ಸಂಬಂಧ? "ನಾನು ಗುಂಪು ಬಿಡುತ್ತೇನೆ" ಅನ್ನುವುದನ್ನೂ ತೆಗೆ, ಬಿಡುವವರು ಹೇಳಿ ಬಿಡುವುದಿಲ್ಲ. ಇಷ್ಟು ಹಾಕು: "ನನ್ನ ಮಗಳು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದು ನಿಜ. ಹೊಣೆ ನಮ್ಮದೂ ಇದೆ ಎಂದಾಗ ನನ್ನನ್ನೂ ಸೇರಿಸಿಯೇ ಹೇಳಿದ್ದು. ನನ್ನ ತಂದೆ ಹೋಟೆಲಿನಲ್ಲಿ ದುಡಿದು ನನ್ನನ್ನು ಓದಿಸಿದರು. ಶಾಲೆಯ ಬಗ್ಗೆ ಏನಾದರೂ ಹೇಳುವುದಿದ್ದರೆ ಹೇಳಿ." ಬೈದವನು ಇದರಿಂದ ಬದಲಾಗುತ್ತಾನೆಂದು ನಾನು ಹೇಳುತ್ತಿಲ್ಲ. ಅದು ಬಾಯಿ ಬಿಡದೆ ಓದುತ್ತಿರುವ ಉಳಿದವರಿಗೆ. ಹಾಕಿದ ಮೇಲೆ ಒಂದು ವಾರ ಮ್ಯೂಟ್.

"ನೀವು ಹೇಳಿದ್ದೇ ಸರಿ" ಎಂದು ಖಾಸಗಿಯಾಗಿ ಬೆನ್ನು ತಟ್ಟಿದವರಿಗೆ, ಅದನ್ನೇ ಗುಂಪಿನಲ್ಲಿ ಒಂದು ಸಾಲು ಬರೆಯಿರಿ ಎಂದು ಕೇಳು. ನಾಚಿಕೆ ಬೇಡ. ನಿಜ ಹೇಳಬೇಕೆಂದರೆ ಬೈದವನಿಗಿಂತ ಇವರ ಮೇಲೆಯೇ ನನಗೆ ಸಿಟ್ಟು. ನಮ್ಮ ಬೆಂಚಿನವನಿಗೆ ಮಾತ್ರ ಫೋನು ಮಾಡು, ಮೆಸೇಜು ಬೇಡ. "ಯಾಕೋ ನಕ್ಕೆ?" ಎಂದು ಕೇಳು. ನಿನ್ನಪ್ಪ ಕಟ್ಟಿಕೊಡುತ್ತಿದ್ದ ಬನ್ಸು ಅವನೂ ತಿಂದಿದ್ದಾನೆ.

ಮತ್ತೆ, ಶಾಲೆಯ ವಿಷಯದಲ್ಲಿ ನೀನು ಹೇಳಿದ್ದು ನನಗೆ ಒಪ್ಪಿಗೆಯಿಲ್ಲ. ಬಾಡಿಗೆ ತಾಳಲಾರದೆ ಕನ್ನಡದ ಕುಟುಂಬಗಳು ವಸಾಯಿ, ಡೊಂಬಿವಲಿಗೆ ಹೋದವು, ಪಾಲಿಕೆಯ ಶಾಲೆಗಳು ನಗರದಲ್ಲೇ ಉಳಿದವು. ಐದು ವರ್ಷದ ಮಗುವನ್ನು ಬೆಳಗಿನ ಲೋಕಲಿನಲ್ಲಿ ನೂಕಿ ಕಳಿಸು ಎಂದು ಯಾವ ತಾಯಿಗೆ ಹೇಳುತ್ತೀ? ಇದಕ್ಕೆ ಉತ್ತರ ಬರೆ, ಗುಂಪಿನಲ್ಲೇ ಬರೆ.

ನಿನ್ನ
ವಿಠ್ಠಲ
ಮುಲುಂಡ್