ಎರಡೂ ಕಡೆ ವರ್ಗ ಮಾಡಿದ ಮೇಲೆ

ಪ್ರೀತಿಯ ಪುಟ್ಟಿಗೆ,

ಅತ್ತೆಯ ಆಶೀರ್ವಾದ. ವರ್ಗಮೂಲ ಇರುವ ಸಮೀಕರಣ ಬಂದರೆ ಎರಡು ಉತ್ತರ ಬರೆದು ಮುಂದಕ್ಕೆ ಹೋಗುತ್ತೀಯಂತೆ. ಅಲ್ಲಿ ಸ್ವಲ್ಪ ನಿಲ್ಲು ಮಗಳೇ.

√(ಯ + 3) = ಯ − 1 ತಗೋ. ಎರಡೂ ಕಡೆ ವರ್ಗ ಮಾಡಿದರೆ ಯ + 3 = ಯ² − 2ಯ + 1. ಅಂದರೆ ಯ² − 3ಯ − 2 = 0. ಸೂತ್ರ ಹಾಕಿದರೆ ಯ = (3 ± √17)/2. ಇಷ್ಟು ನಿನಗೆ ಬರುತ್ತದೆ.

ಆದರೆ ವರ್ಗ ಮಾಡಿದಾಗ ಚಿಹ್ನೆ ಅಳಿಸಿಹೋಗುತ್ತದೆ. 3ರ ವರ್ಗವೂ 9, −3ರ ವರ್ಗವೂ 9. ಹಾಗಾಗಿ √(ಯ + 3) = −(ಯ − 1) ಎಂಬ ಬೇರೆಯೇ ಸಮೀಕರಣದ ಉತ್ತರವೂ ಜೊತೆಗೆ ಬಂದು ಕೂರುತ್ತದೆ. ನೀನು ಲೆಕ್ಕ ತಪ್ಪಿದ್ದರಿಂದ ಬಂದದ್ದಲ್ಲ ಅದು. ಎಷ್ಟು ಜಾಣರು ಮಾಡಿದರೂ ಬರುತ್ತದೆ. ಗುರುತಿಸಿ ಹೊರಗೆ ಹಾಕುವುದು ಮಾತ್ರ ನಿನ್ನ ಕೆಲಸ.

ಅದಕ್ಕೆ √17ರ ಅಂದಾಜು ಬೇಕು. 4ಕ್ಕಿಂತ ತುಸು ಜಾಸ್ತಿ, ಅಲ್ವಾ? 17ನ್ನು 4ರಿಂದ ಭಾಗಿಸಿದರೆ 4.25. ಇವೆರಡರ ಗುಣಲಬ್ಧ 17, ಆದ್ದರಿಂದ ಒಂದು √17ಕ್ಕಿಂತ ಚಿಕ್ಕದು, ಇನ್ನೊಂದು ದೊಡ್ಡದು. ಸರಾಸರಿ ತೆಗೆ: 4.125. ಮತ್ತೆ 17ನ್ನು ಅದರಿಂದ ಭಾಗಿಸು: 4.1212. ಮತ್ತೆ ಸರಾಸರಿ: 4.1231. ಎರಡೇ ಸುತ್ತಿಗೆ ನಾಲ್ಕು ದಶಮಾಂಶ ಸ್ಥಾನ ಸರಿಯಾಗಿ ಸಿಕ್ಕಿತು! ಒಂದನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಹೀರೋನ್ ಬರೆದಿಟ್ಟ ದಾರಿ ಇದು. ನನಗೆ ಇಂದಿಗೂ ಬಹಳ ಇಷ್ಟ.

ಈಗ ಉತ್ತರಗಳು 3.5616 ಮತ್ತು −0.5616. ಮೊದಲಿನ ಸಮೀಕರಣಕ್ಕೇ ಹಾಕು, ವರ್ಗ ಮಾಡಿದ ಮೇಲಿನದಕ್ಕಲ್ಲ. 3.5616 ಹಾಕಿದರೆ ಎರಡೂ ಕಡೆ 2.5616. −0.5616 ಹಾಕಿದರೆ ಎಡಕ್ಕೆ 1.5616, ಬಲಕ್ಕೆ −1.5616. ಇದನ್ನು ಬಿಡಬೇಕು. ಋಣ ಸಂಖ್ಯೆ ಅಂತ ಸುಮ್ನೆ ಬಿಡಬೇಡ ಮತ್ತೆ! √(ಯ + 3) = 1 ಎಂಬುದಕ್ಕೆ −2 ಸರಿಯಾದ ಉತ್ತರವೇ. ಇನ್ನೊಂದು ಮಾತು. ಕೊನೆಯವರೆಗೂ √17 ಅಂತಲೇ ಇಟ್ಟುಕೋ, ದಶಮಾಂಶ ಆಮೇಲೆ.

ರಾಷ್ಟ್ರಕೂಟರ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ದಲ್ಲಿ ಒಂದು ಲೆಕ್ಕವಿದೆ. ಒಂಟೆ ಹಿಂಡಿನ ಕಾಲುಭಾಗ ಕಾಡಿನಲ್ಲಿ, ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ಕಡೆ, ಉಳಿದ 15 ನದಿಯ ದಡದಲ್ಲಿ. ಒಟ್ಟು ಎಷ್ಟು? ನಿನ್ನ ರೀತಿ ಮಾಡಿದರೆ 36 ಬರುತ್ತದೆ, 100/9 ಕೂಡ ಬರುತ್ತದೆ. ಮುರುಕು ಒಂಟೆ ಇಲ್ಲ ಅಂತ ಹೇಳಿ ತಪ್ಪಿಸಿಕೊಳ್ಳಬೇಡ. ಚಿಹ್ನೆ ಎಲ್ಲಿ ತಿರುಗಿತು ಅಂತ ತೋರಿಸಿ ನನಗೆ ಬರೆದು ಕಳಿಸು.

ನಿನ್ನ ಅತ್ತೆ