ಬಿಲ್ಲಿನ ಹಿಂಬದಿಯ ಷರತ್ತು ಬದಲಾಗಿದೆ: ಮಾಲು ಯಾವಾಗ ನಿಮ್ಮದು, ಒಡೆದರೆ ಯಾರ ನಷ್ಟ

ಮಾನ್ಯ ಗ್ರಾಹಕರೇ,

ಬರುವ ತಿಂಗಳ ಒಂದನೇ ತಾರೀಖಿನಿಂದ ಹಾಕುವ ಬಿಲ್ಲುಗಳ ಹಿಂಬದಿಯಲ್ಲಿ ಎರಡು ಷರತ್ತು ಬದಲಾಗುತ್ತಿವೆ. ಲಾರಿಯನ್ನು ನಾವು ಗೊತ್ತುಮಾಡಿದ್ದರೆ, ಗ್ರಾನೈಟ್ ಆಗಲಿ ಟೈಲ್ಸ್ ಆಗಲಿ, ನಿಮ್ಮ ಸೈಟಿನಲ್ಲಿ ಇಳಿಯುವ ತನಕ ಒಡಕಿನ ನಷ್ಟ ನಮ್ಮದು. ಹಾಗೆಯೇ, ಬಾಕಿ ಪೂರ್ತಿ ಸಂದಾಯವಾಗುವ ತನಕ ಮಾಲಿನ ಒಡೆತನವೂ ನಮ್ಮದೇ. ಮೊದಲನೆಯದನ್ನು ಎಲ್ಲರೂ ಒಪ್ಪಿದ್ದೀರಿ, ಎರಡನೆಯದಕ್ಕೆ ಹಲವರು ಮುಖ ಗಂಟಿಕ್ಕಿದ್ದೀರಿ. ಒಂದನ್ನು ಕೊಟ್ಟು ಇನ್ನೊಂದನ್ನು ಬಿಡಲು ನಮ್ಮಿಂದಾಗದು. ಯಾಕೆಂದು ಹೇಳುತ್ತೇವೆ.

ಕೌಂಟರಿನಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತೊಂದಿದೆ: "ಸ್ಲ್ಯಾಬ್ ಇನ್ನೂ ನಿಮ್ಮ ಯಾರ್ಡಿನಲ್ಲೇ ನಿಂತಿದೆ, ನಾನು ಅಡ್ವಾನ್ಸ್ ಮಾತ್ರ ಕೊಟ್ಟಿದ್ದೇನೆ. ಒಡೆದರೆ ಅದು ನನ್ನ ಗಂಟಿಗೆ ಯಾಕೆ ಸ್ವಾಮಿ?" ಈ ನಿಯಮವನ್ನು ನಮ್ಮ ಅನುಕೂಲಕ್ಕೆ ನಾವು ಹುಟ್ಟಿಸಿಕೊಂಡಿದ್ದೇವೆ ಎಂದು ಕೆಲವರು ನಂಬಿದ್ದಾರೆ. ಅಲ್ಲ. 1930ರ ಸರಕು ಮಾರಾಟ ಕಾಯ್ದೆಯಲ್ಲೇ ಅದು ಇದೆ. ಬೇರೆ ಒಪ್ಪಂದ ಇಲ್ಲದಿದ್ದರೆ ನಷ್ಟದ ಹೊಣೆ ಒಡೆತನದ ಜೊತೆಗೇ ಹೋಗುತ್ತದೆ ಎನ್ನುತ್ತದೆ ಸೆಕ್ಷನ್ 26. ಒಡೆತನ ಯಾವಾಗ ಹೋಗುತ್ತದೆ? ಇಬ್ಬರೂ ಯಾವಾಗ ಎಂದು ಮಾತಾಡಿಕೊಂಡಿರುತ್ತಾರೋ ಆಗ. ಏನೂ ಮಾತಾಡಿಕೊಂಡಿಲ್ಲದಿದ್ದರೆ ಕಾಯ್ದೆಯ ಲೆಕ್ಕ ಶುರುವಾಗುತ್ತದೆ, ಮತ್ತು ಅದರಲ್ಲಿ ದುಡ್ಡು ಕೊಟ್ಟ ದಿನಕ್ಕೆ ನೀವಂದುಕೊಂಡಷ್ಟು ಬೆಲೆಯಿಲ್ಲ.

ಸ್ಟ್ಯಾಂಡಿನಿಂದ ಇಂಥದ್ದೇ ಸ್ಲ್ಯಾಬ್ ಎಂದು ಆರಿಸಿದಿರಿ, ಅಳತೆ ಆಗಿದೆ, ದರ ಕುದುರಿದೆ, ಇನ್ನೇನೂ ಕೆಲಸ ಬಾಕಿಯಿಲ್ಲ ಎಂದಾದರೆ ಸೆಕ್ಷನ್ 20ರ ಪ್ರಕಾರ ಒಪ್ಪಂದವಾದ ಕ್ಷಣವೇ ಅದು ನಿಮ್ಮದು. ದುಡ್ಡು ನಾಳೆ ಕೊಡಿ, ಮಾಲನ್ನು ಮುಂದಿನ ವಾರ ಒಯ್ಯಿರಿ, ಅದರಿಂದ ವ್ಯತ್ಯಾಸವಿಲ್ಲ. ಅದೇ ಸ್ಲ್ಯಾಬಿನ ಅಂಚಿಗೆ ನಾವು ಪಾಲಿಶ್ ಹೊಡೆದು ಕೊಡಬೇಕಿದ್ದರೆ, ಆ ಕೆಲಸ ಮುಗಿದು ನಿಮಗೆ ತಿಳಿಯುವ ತನಕ ಅದು ನಮ್ಮದು (ಸೆಕ್ಷನ್ 21). ಚದರಡಿ ಅಳೆದ ಮೇಲೆಯೇ ಬೆಲೆ ಗೊತ್ತಾಗುವಂತಿದ್ದರೆ, ನಾವು ಅಳೆದು ತಿಳಿಸುವ ತನಕವೂ ನಮ್ಮದೇ (ಸೆಕ್ಷನ್ 22). ಇಲ್ಲಿ ನಿಮಗೆ ತಿಳಿಯುವುದೂ ಮುಖ್ಯ. ಅದಕ್ಕೇ ಇನ್ನು ಮುಂದೆ ಅಳತೆಯ ಚೀಟಿಯನ್ನು ಅಂದೇ ಫೋನಿಗೆ ಕಳಿಸುತ್ತೇವೆ.

ಟೈಲ್ಸಿನ ಕತೆ ಬೇರೆ. ನೂರು ಬಾಕ್ಸ್ ಬೇಕೆಂದು ಬರೆಸಿದ ಮಾತ್ರಕ್ಕೆ ಗೋಡೌನಿನ ರಾಶಿಯಲ್ಲಿ ಯಾವ ಬಾಕ್ಸೂ ನಿಮ್ಮದಾಗುವುದಿಲ್ಲ. ಯಾವ ನೂರು ಎಂದು ಗೊತ್ತಾಗದೆ ಒಡೆತನ ಕದಲದು, ಇದು ಸೆಕ್ಷನ್ 18. ಒಂದೇ ಬ್ಯಾಚು, ಒಂದೇ ಶೇಡ್ ನಂಬರಿನ ಬಾಕ್ಸುಗಳನ್ನು ಬೇರೆ ತೆಗೆದು ನಿಮ್ಮ ಹೆಸರಿನ ಚೀಟಿ ಅಂಟಿಸಿ, ನಿಮ್ಮ ಒಪ್ಪಿಗೆ ಸಿಕ್ಕಿದರೆ ಆಗ ಒಡೆತನ ನಿಮಗೆ ಬರುತ್ತದೆ (ಸೆಕ್ಷನ್ 23). ನಮ್ಮ ಹಕ್ಕೇನನ್ನೂ ಕಾದಿರಿಸದೆ ಲಾರಿ ಆಫೀಸಿಗೆ ಒಪ್ಪಿಸಿದರೂ ಅದೇ ಫಲ. ಹಳೆಯ ಬಿಲ್ಲಿನಲ್ಲಿ "ಲಾರಿಗೆ ಒಪ್ಪಿಸಿದ ಮೇಲೆ ನಮ್ಮ ಜವಾಬ್ದಾರಿ ಇಲ್ಲ" ಎಂದಿದ್ದದ್ದು ಈ ಲೆಕ್ಕದ ಮೇಲೆಯೇ.

ಆ ಸಾಲು ಕಾನೂನಿಗೆ ಸರಿಯಿತ್ತು. ನಿಮಗೆ ಅದರಿಂದ ಆದ ತೊಂದರೆಗೆ ವಿಷಾದವಿದೆ. ತೊಡಕಿದ್ದದ್ದು ವಿಮೆಯಲ್ಲಿ. ಪಾಲಿಸಿ ನಮ್ಮ ಹೆಸರಿನಲ್ಲಿ, ನಷ್ಟ ನಿಮ್ಮ ಹೆಸರಿನಲ್ಲಿ. ಕ್ಲೇಮಿಗೆ ಹೋದರೆ ಮೊದಲ ಪ್ರಶ್ನೆಯೇ "ಒಡೆದ ಹೊತ್ತಿನಲ್ಲಿ ಮಾಲು ಯಾರ ಹೊಣೆಯಲ್ಲಿತ್ತು?" ಟ್ರಾನ್ಸ್‌ಪೋರ್ಟಿನವರಿಂದ ವಸೂಲಿ ಮಾಡೋಣವೆಂದರೆ 2007ರ ರಸ್ತೆ ಸಾಗಣೆ ಕಾಯ್ದೆಯಲ್ಲಿ ಅವರ ಹೊಣೆಗೆ ಮಿತಿಯಿದೆ. ಆ ಮಿತಿ ದಾಟಬೇಕಾದರೆ ಬುಕ್ ಮಾಡುವಾಗಲೇ ಹೆಚ್ಚಿನ ರಿಸ್ಕ್ ದರ (ಹೆಚ್ಚು ಹೊಣೆ ಹೊರಲು ಟ್ರಾನ್ಸ್‌ಪೋರ್ಟಿನವರು ಕೇಳುವ ದರ) ಕೊಡಲು ಒಪ್ಪಿರಬೇಕು. ದಾವೆ ಹೂಡುವುದಾದರೆ ಅದಕ್ಕೂ ಮೊದಲು, ಬುಕ್ ಆದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ಈಗ ಪಾಲಿಸಿಯೂ ನಷ್ಟವೂ ಒಂದೇ ಹೆಸರಿಗೆ ಬರುತ್ತವೆ.

ಬಿಲ್ಲಿನಲ್ಲಿ ಸಾಗಣೆಯ ಸಾಲಿನ ಮೊತ್ತ ದೊಡ್ಡದಾಗಿರುವುದು ಇದಕ್ಕೆ. "ಬಾಡಿಗೆಯಲ್ಲಿ ಲಾಭ ಹೊಡೆಯುತ್ತಿದ್ದೀರಿ" ಎಂಬ ಮಾತು ನೋವು ತರುತ್ತದೆ. ಆ ಸಾಲಿನೊಳಗೆ ಲಾರಿ ಬಾಡಿಗೆ, ಎರಡೂ ಕಡೆಯ ಹಮಾಲಿ, ಸಾಗಣೆ ವಿಮೆ, ಮರದ ಕ್ರೇಟು, ಬೆಣೆ, ಹಗ್ಗ ಎಲ್ಲ ಸೇರಿವೆ. ಸ್ಲ್ಯಾಬನ್ನು ಇಳಿಜಾರು ಸ್ಟ್ಯಾಂಡಿಗೆ ಒರಗಿಸಿ, ನಡುವೆ ಮರ ಕೊಟ್ಟು ಬಿಗಿದೇ ಒಯ್ಯಬೇಕು. ಮಲಗಿಸಿ ಹೇರಿದರೆ ಲಾರಿಗೆ ಹೆಚ್ಚು ಹಿಡಿಯುತ್ತದೆ, ಬಾಡಿಗೆ ಕಡಿಮೆ ಬೀಳುತ್ತದೆ, ಆದರೆ ಗುಂಡಿಯೊಂದು ಸಿಕ್ಕರೆ ಅಡಿಯ ಕಲ್ಲು ನಡುವಿಗೇ ಬಿರಿಯುತ್ತದೆ. ಅಗ್ಗದ ಆ ದಾರಿ ನಾವು ಹಿಡಿಯುವುದಿಲ್ಲ.

ಇನ್ನು ಒಡೆತನದ ಷರತ್ತು. ಷರತ್ತು ಪೂರೈಸುವ ತನಕ ಮಾಲಿನ ಮೇಲಿನ ಹಕ್ಕು ಇಟ್ಟುಕೊಳ್ಳಲು ಸೆಕ್ಷನ್ 25 ಮಾರುವವರಿಗೆ ಅವಕಾಶ ಕೊಡುತ್ತದೆ. ದಾರಿಯ ನಷ್ಟವನ್ನೂ ಹೊತ್ತು, ಸಾಲವನ್ನೂ ಕೊಟ್ಟು, ಒಡೆತನವನ್ನೂ ಬಿಡು ಎಂದರೆ ಸಣ್ಣ ಯಾರ್ಡ್ ನಡೆಯದು. ನಿಮ್ಮ ಮೇಲೆ ಅನುಮಾನವಿಲ್ಲ. ಕಾಯ್ದೆ ಎಲ್ಲರಿಗೂ ಒಂದೇ ತಾನೆ. ಟೈಲ್ಸನ್ನು ಸಿಮೆಂಟಿನಲ್ಲಿ ಕೂರಿಸಿದ ಮೇಲೆ ಅದು ಕಟ್ಟಡದ ಭಾಗ, ಆಮೇಲೆ ನಮ್ಮ ಈ ಷರತ್ತು ಕಾಗದದಲ್ಲಷ್ಟೇ ಉಳಿಯುತ್ತದೆ. ಆದ್ದರಿಂದ ಕೂರಿಸುವ ಮುನ್ನ ಬಾಕಿ ತೀರಿಸಿ ಎಂದು ಕೇಳುತ್ತಿದ್ದೇವೆ.

"ನಿಮ್ಮದೇ ಒಡೆತನ ಎಂದಮೇಲೆ ನಾನು ಆರಿಸಿದ ಸ್ಲ್ಯಾಬನ್ನು ಬೇರೆಯವರಿಗೆ ಮಾರಿಬಿಟ್ಟರೆ?" ನ್ಯಾಯವಾದ ಪ್ರಶ್ನೆ. ನಿಜ ಹೇಳಬೇಕೆಂದರೆ ಒಡೆತನ ನಿಮಗೆ ಬಂದ ಮೇಲೂ, ಮಾಲು ನಮ್ಮ ವಶದಲ್ಲಿರುವಾಗ ವಿಷಯ ತಿಳಿಯದೆ ಒಳ್ಳೆಯ ನಂಬಿಕೆಯಿಂದ ಕೊಂಡು ಒಯ್ದವರಿಗೆ ಸೆಕ್ಷನ್ 30 ರಕ್ಷಣೆ ಕೊಡುತ್ತದೆ. ನಿಮಗೆ ಆಗ ಉಳಿಯುವುದು ನಮ್ಮ ಮೇಲಿನ ದಾವೆ ಮಾತ್ರ. ಆದ್ದರಿಂದ ಆರಿಸಿದ ದಿನವೇ ಸ್ಲ್ಯಾಬಿನ ಅಂಚಿಗೆ ಬಣ್ಣದಲ್ಲಿ ಬಿಲ್ ನಂಬರ್ ಬರೆಸಿಕೊಂಡು ಫೋಟೊ ಇಟ್ಟುಕೊಳ್ಳಿ. ನಂಬರ್ ಬಿದ್ದ ಕಲ್ಲು ಇನ್ನೊಬ್ಬರ ಲಾರಿ ಹತ್ತುವುದಿಲ್ಲ, ಇದು ನಮ್ಮ ಮಾತು.

ಮಾಲು ಬಂದಾಗ ಡ್ರೈವರ್ ಹೊರಡುವ ಮೊದಲು ಎಣಿಸಿ. ಒದ್ದೆಯಾದ, ಮೂಲೆ ಜಜ್ಜಿದ ಬಾಕ್ಸನ್ನು ಅವನೆದುರೇ ತೆಗೆಯಿರಿ. ಗ್ರಾನೈಟಿನ ಮೇಲೆ ಗೆರೆ ಕಂಡರೆ ನೀರು ಸುರಿಯಿರಿ: ಸುತ್ತ ಒಣಗಿದ ಮೇಲೂ ಗೆರೆ ಒದ್ದೆಯಾಗಿ ಕಪ್ಪಾಗಿ ಉಳಿದರೆ ಬಿರುಕು, ಜೊತೆಗೇ ಒಣಗಿದರೆ ಹೆಚ್ಚಾಗಿ ಕಲ್ಲಿನ ನರ. ಕಂಡದ್ದನ್ನು ಎಲ್‌ಆರ್ (ಲಾರಿ ರಸೀದಿ) ಪ್ರತಿಯ ಮೇಲೆ ಬರೆದು ಸಹಿ ಮಾಡಿ. "ಸರಿಯಾಗಿ ತಲುಪಿದೆ" ಎಂದು ಸಹಿ ಹಾಕಿ ಸಂಜೆ ಫೋನ್ ಮಾಡಿದರೆ ವಿಮೆಯವರ ಮುಂದೆ ನಮ್ಮ ಕೈ ಕಟ್ಟಿದಂತೆ. ಪರೀಕ್ಷಿಸಿ ನೋಡುವುದು ಸೆಕ್ಷನ್ 41 ಕೊಟ್ಟ ನಿಮ್ಮ ಹಕ್ಕು, ಡ್ರೈವರ್ ಅವಸರಪಡಿಸಿದರೆ ನಮಗೆ ಹೇಳಿ.

ನಿಮ್ಮದೇ ಗಾಡಿ ಕಳಿಸಿದರೆ, ಅದರ ಮೇಲೆ ಹೇರಿ ಮುಗಿದಲ್ಲಿಗೆ ನಮ್ಮ ಹೊಣೆ ಮುಗಿಯಿತು. ಸೈಟ್ ತಯಾರಿಲ್ಲವೆಂದು ಲಾರಿ ಕಾದು, ಆ ಕಾರಣಕ್ಕೇ ಮಾಲು ಕೆಟ್ಟರೆ ನಷ್ಟ ತಡಮಾಡಿದವರದ್ದು, ಸೆಕ್ಷನ್ 26 ಹೇಳುವುದೂ ಇದನ್ನೇ. ನಮ್ಮಿಂದ ತಡವಾದರೆ ಅದೇ ನಿಯಮ ನಮಗೂ.

ವಾಪಸಾತಿ ಷರತ್ತಿನ ಮೇಲೆ ಒಯ್ದ ಹೆಚ್ಚುವರಿ ಬಾಕ್ಸುಗಳನ್ನು ಚೀಟಿಯಲ್ಲಿ ಬರೆದ ದಿನದೊಳಗೆ, ಸೀಲ್ ಒಡೆಯದೆ ತನ್ನಿ. ತೆರೆದರೂ ದಿನ ಮೀರಿದರೂ ಅವು ಕೊಂಡ ಮಾಲೇ.

ಈಗಾಗಲೇ ಬಿಲ್ ಆಗಿ ಯಾರ್ಡಿನಲ್ಲಿ ನಿಂತಿರುವ ಮಾಲಿಗೆ ಹಳೆಯ ಷರತ್ತೇ ಅನ್ವಯ. ಹೊಸದು ಬೇಕೆನ್ನುವವರು ಮೂಲ ಬಿಲ್ ತಂದರೆ ಅದರ ಮೇಲೆಯೇ ತಿದ್ದಿ, ಇಬ್ಬರೂ ಸಹಿ ಹಾಕೋಣ.

ಇಂತಿ,
ಯಾರ್ಡ್ ಮತ್ತು ಬಿಲ್ಲಿಂಗ್ ಕೌಂಟರಿನ ಪರವಾಗಿ